ಏಳು ಹೆಜ್ಜೆಯ ಪುಟ

ಏಪ್ರಿಲ್ 3

ಅಳಿಯನಿಗೆ,

ಮಾರ್ಚ್ ಹದಿನಾಲ್ಕನೇ ತಾರೀಕು ನೀನು ನಿನ್ನ ವೆಬ್‌ಸೈಟಿನಲ್ಲಿದ್ದ ನನ್ನ ಪುಟದಿಂದ ನಾಲ್ಕನೇ ಹೆಜ್ಜೆಯನ್ನು ಕಿತ್ತುಹಾಕಿದೆ. ಮಾರ್ಚ್ ಇಪ್ಪತ್ತೆರಡರ ಮಧ್ಯಾಹ್ನ ನಮ್ಮ ಬೀದಿಯ ಟೈಲರಮ್ಮ ಆ ಪುಟವನ್ನು ಎದುರಿಗಿಟ್ಟುಕೊಂಡು ತಮ್ಮ ಮೈಕ್ರೊವೇವ್ ಓವನ್ ಬಿಚ್ಚಿದರು. ಇಪ್ಪತ್ತೊಂಬತ್ತಕ್ಕೆ ಆಸ್ಪತ್ರೆಯವರು ಅವರ ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ತೆಗೆದರು. ಮೂರು ತಾರೀಕು ಕೊಟ್ಟಿದ್ದೇನೆ. ಕ್ಷೇಮ ಸಮಾಚಾರಕ್ಕೆ ಈ ಕಾಗದದಲ್ಲಿ ಜಾಗವಿಲ್ಲ.

ನೀನು ಫೋನ್ ಮಾಡುತ್ತಿರುವುದು ಗೊತ್ತು. ಎತ್ತುವುದಿಲ್ಲ. ಫೋನಿನಲ್ಲಿ ಆಡಿದ ಮಾತಿಗೆ ನಾಳೆ ನೀನು ಬೇರೆ ಅರ್ಥ ಹಚ್ಚುತ್ತೀಯ. ಕಾಗದದ ಮೇಲೆ ಬರೆ, ಕೆಳಗೆ ತಾರೀಕು ಹಾಕು.

ನನ್ನ ಹತ್ತೊಂಬತ್ತು ನೋಟುಬುಕ್ಕುಗಳನ್ನು ನೀನು ಹೊತ್ತುಕೊಂಡು ಹೋದ ದಿನ ನೆನಪಿದೆಯೇ? ಮೂವತ್ತಾರು ವರ್ಷ ರಿಪೇರಿ ಅಂಗಡಿಯಲ್ಲಿ ಕೂತು ಬರೆದಿದ್ದು. ಸೋರುವ ನಲ್ಲಿ, ಕಚ್ಚಿಕೊಂಡ ಜಿಪ್ಪು, ಬಿಸಿಯಾಗದ ಇಸ್ತ್ರಿಪೆಟ್ಟಿಗೆ, ನೀರಿಗೆ ಬಿದ್ದ ಫೋನು, ತಿರುಗದ ಫ್ಯಾನು, ನಡುನಡುವೆ ಸತ್ತುಹೋಗುವ ವೈಫೈ ಡಬ್ಬಿ. "ಮಾವ, ಇದೆಲ್ಲ ನಿಮ್ಮ ಜೊತೆಗೇ ಮಣ್ಣಾಗೋದು ಬೇಡ, ಎಲ್ಲರಿಗೂ ಬಿಟ್ಟಿ ಸಿಗೋ ಹಾಗೆ ಹಾಕ್ತೀನಿ" ಅಂದೆ. ನಾನು ಹಿಗ್ಗಿದೆ. ವಿದ್ಯೆ ಬಚ್ಚಿಟ್ಟರೆ ಕೊಳೆಯುತ್ತದೆ ಎಂದು ನಂಬಿದವನು ನಾನು. ಕೆಟ್ಟ ಸಾಮಾನನ್ನು ಎಸೆಯುವ ಬದಲು ಜನ ಬಿಚ್ಚಿ ನೋಡಲಿ, ಕೈಗೆ ಧೈರ್ಯ ಬರಲಿ ಎಂದು ಆಸೆಪಟ್ಟವನು. ಆ ಆಸೆ ಈಗಲೂ ಇದೆ.

ಓವನ್ನಿನ ಫ್ಯೂಸು ಬದಲಾಯಿಸಲು ನಾನು ಬರೆದಿದ್ದು ಹನ್ನೊಂದು ಹೆಜ್ಜೆ. ಅದರಲ್ಲಿ ನಾಲ್ಕನೆಯದು: "ಇಲ್ಲಿ ನಿಲ್ಲಿ. ಪ್ಲಗ್ ಕಿತ್ತ ಮೇಲೂ ಒಳಗೊಂದು ಡಬ್ಬಿ ವಿದ್ಯುತ್ತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾದಿರುತ್ತದೆ. ಕೆಪಾಸಿಟರ್ ಎಂದು ಅದರ ಹೆಸರು. ಅದನ್ನು ಖಾಲಿ ಮಾಡುವುದು ಕಲಿತವರ ಕೆಲಸ. ನೀವು ಕಲಿತಿಲ್ಲವಾದರೆ ಮುಚ್ಚಳ ಹಾಕಿ, ಬಲ್ಲವರನ್ನು ಕರೆಯಿರಿ." ನಿನ್ನ ಪುಟದಲ್ಲಿ ಈಗ ಇರುವುದು ಏಳು ಹೆಜ್ಜೆ. ಪ್ಲಗ್ ಕೀಳಿ, ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆಯಿರಿ, ಫ್ಯೂಸು ಹುಡುಕಿ, ಹಳೆಯದು ತೆಗೆಯಿರಿ, ಹೊಸದು ಹಾಕಿ, ಮುಚ್ಚಿ. ಮೇಲೆ ದಪ್ಪ ಅಕ್ಷರದಲ್ಲಿ "ಮೂರೇ ನಿಮಿಷ!" ಕೆಳಗೆ ನನ್ನ ಹೆಸರು. ನಡುವೆ ನನ್ನ ಮೇಜು, ನನ್ನ ಕೈ, ನನ್ನ ಅಂಗಡಿಯಲ್ಲಿ ತೆರೆದಿಟ್ಟ ಓವನ್ನಿನ ಚಿತ್ರ.

ಆ ವಾರ ನಾನು ಕಣ್ಣಿನ ಆಪರೇಷನ್ನಿಗೆ ಹೋಗಿದ್ದೆ. ಇಲ್ಲದಿದ್ದರೆ ಆಕೆ ರಸ್ತೆ ದಾಟಿ ಬಂದು ಕೇಳುತ್ತಿದ್ದರು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ ಅಂದದ್ದು ಒಂದೇ ಮಾತು: "ನೀವಿರಲಿಲ್ಲ ಮೇಷ್ಟ್ರೇ. ನಿಮ್ಮ ಪುಟ ಇತ್ತು."

ನಾಲ್ಕನೇ ಹೆಜ್ಜೆಯನ್ನು ಯಾಕೆ ತೆಗೆದೆ?

ನಿನ್ನ ಮಾವ

&nbsp;

ಏಪ್ರಿಲ್ 11

ಪೂಜ್ಯ ಮಾವನಿಗೆ ಅಳಿಯನ ನಮಸ್ಕಾರಗಳು.

ಕಾಗದ ತಲುಪಿತು. ಇಂಕಿನ ಪೆನ್ನಿನಲ್ಲಿ ಬೈಸಿಕೊಂಡು ಎಷ್ಟು ವರ್ಷವಾಗಿತ್ತು! ಆಫೀಸಿನಲ್ಲಿ ಇಬ್ಬರಿಗೆ ತೋರಿಸಿದೆ. "ಏನು ಭಾಷೆ ಸಾರ್!" ಅಂದರು.

ನಡೆದದ್ದಕ್ಕೆ ನನಗೂ ಬೇಜಾರಿದೆ. ಆದರೆ ಬೇಜಾರು ಬೇರೆ, ತಪ್ಪು ಬೇರೆ. ನಮ್ಮಲ್ಲಿ ಒಂದು ನಿಯಮವಿದೆ, ಏಳು ಹೆಜ್ಜೆಗಿಂತ ಹೆಚ್ಚು ಇರಕೂಡದು. ಎಂಟನೆಯದಕ್ಕೆ ಬರುವಷ್ಟರಲ್ಲಿ ನೂರರಲ್ಲಿ ಅರವತ್ತು ಜನ ಪುಟ ಮುಚ್ಚಿ ಹೋಗಿರುತ್ತಾರೆ. ನಿಮ್ಮ ನಾಲ್ಕನೇ ಹೆಜ್ಜೆ ನಿಮಗೆ ನೆನಪಿರುವಷ್ಟು ಚೊಕ್ಕವಾಗಿರಲಿಲ್ಲ, ಮಾವ. ಅದು ಶುರುವಾಗುತ್ತಿದ್ದುದು ನಿಮ್ಮ ಗುರುಗಳ ಕರಕಲಾದ ಉಗುರಿನಿಂದ. ಅವರು ಆ ಬೆರಳಿನಲ್ಲಿ ನಶ್ಯ ಏರಿಸುತ್ತಿದ್ದದ್ದು, ಅವರ ಹೆಂಡತಿ ಬೈಯುತ್ತಿದ್ದದ್ದು, ಎಲ್ಲ ಆದ ಮೇಲೆ ಹದಿನೆಂಟನೇ ಸಾಲಿನಲ್ಲಿ "ಇಲ್ಲಿ ನಿಲ್ಲಿ". ಪುಟ ಕತ್ತರಿಸುವ ಹುಡುಗಿ ಅದನ್ನು ಕಥೆ ಅಂದುಕೊಂಡಳು. ಕಥೆಯನ್ನು ತೆಗೆದಳು. ನಾನು ಸರಿ ಅಂದೆ. ಯಾಕೆಂದರೆ ನೀವೇ ಹೇಳಿದ್ದಿರಿ: "ಹರಟೆ ಜಾಸ್ತಿ ಆಯ್ತು ಅಂದ್ರೆ ಕತ್ತರಿಸಪ್ಪ, ನನ್ನ ಬಾಯಿ ನಿನಗೆ ಗೊತ್ತಲ್ಲ." ಹನ್ನೊಂದು ವರ್ಷ ನಿಮ್ಮೆದುರಿನ ಸ್ಟೂಲಿನಲ್ಲಿ ಕೂತವನು ನಾನು, ಗೊತ್ತಿಲ್ಲದೆ ಏನು? ಕೆಲಸ ಮಾಡುವಾಗ ಆ ಬಾಯಿ ಮುಚ್ಚಿಸುತ್ತಿದ್ದದ್ದು ಒಂದೇ, ಬಟ್ಟೆ ಒಣಗಿಸುವ ಮರದ ಕ್ಲಿಪ್ಪು. ಓವನ್ ಬಿಚ್ಚಿದರೆ ಅದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಿರಿ. ಡಬ್ಬಿ ಖಾಲಿ ಮಾಡಿ ಅದರ ಕಿವಿಗೆ, ತಂತಿ ಸೇರುವ ತುದಿಗೆ, ಕ್ಲಿಪ್ಪು ಸಿಕ್ಕಿಸಿದ ಮೇಲೆ ಮತ್ತೆ ಪುರಾಣ ಶುರು. ನನಗೆ ಆ ಎರಡು ನಿಮಿಷವೇ ವಿಶ್ರಾಂತಿ.

ಇರಲಿ. ನಮ್ಮ ವಕೀಲರು ಹೇಳಿದಂತೆ ನಿನ್ನೆ ಮುಖಪುಟದಲ್ಲಿ ಒಂದು ಪ್ರಕಟಣೆ ಹಾಕಿದ್ದೇವೆ. ನೀವು ಮೇಲ್ ತೆರೆಯುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇನೆ:

"ಹೊಲಿಗೆ ಕೆಲಸದ ಮಹಿಳೆಯೊಬ್ಬರು ಸೂಚನೆಗಳನ್ನು ಸರಿಯಾಗಿ ಪಾಲಿಸದೆ ಅಜಾಗರೂಕತೆಯಿಂದ ಓವನ್ ಬಿಚ್ಚಿ ಎರಡು ಬೆರಳು ಕಳೆದುಕೊಂಡಿದ್ದಾರೆ. ಓದುಗರು ಪ್ರತಿ ಹೆಜ್ಜೆಯನ್ನೂ ಗಮನವಿಟ್ಟು ಓದಬೇಕಾಗಿ ವಿನಂತಿ."

ಹೆಸರು ಹಾಕಿಲ್ಲ. ಮರ್ಯಾದೆ ಉಳಿಸಿದ್ದೇವೆ.

ಕಣ್ಣಿಗೆ ಔಷಧಿ ತಪ್ಪಿಸಬೇಡಿ.

ಇಂತಿ, ನಿಮ್ಮ ಅಳಿಯ

&nbsp;

ಏಪ್ರಿಲ್ 19

ಅಳಿಯನಿಗೆ,

ಉಗುರಿನ ಕಥೆ ಉದ್ದವಾಗಿತ್ತು, ಒಪ್ಪಿದೆ. ಒಬ್ಬ ಮನುಷ್ಯನ ಕರಕಲು ಉಗುರನ್ನು ನೋಡಿದವನು "ಜಾಗ್ರತೆ" ಎಂಬ ಮಾತನ್ನು ಮರೆಯುವುದಿಲ್ಲ ಎಂದು ಹಾಗೆ ಬರೆದೆ. ನಿನ್ನ ಹುಡುಗಿ ಉಗುರನ್ನು ಕತ್ತರಿಸಿದಳು, ಅದರ ಜೊತೆಗೆ ಬೆರಳೂ ಹೋಯಿತು.

ಈಗ ನಿನ್ನ ಪ್ರಕಟಣೆಯ ವಿಷಯ. ನಿನಗೆ ಆಕೆ "ಹೊಲಿಗೆ ಕೆಲಸದ ಮಹಿಳೆಯೊಬ್ಬರು". ನನಗೆ ಇಪ್ಪತ್ತೆರಡು ವರ್ಷದಿಂದ ಎದುರು ಬಾಗಿಲಿನವರು. ಆಕೆಯ ಹೊಲಿಗೆ ಕೋಣೆಗೆ ನೀನು ಹೋಗಿದ್ದೀಯ. ನಿನ್ನ ಮೊದಲ ಸಂದರ್ಶನದ ಕೋಟನ್ನು ಅಲ್ಲಿಯೇ ಅಳೆಸಿದೆ. ಗೋಡೆಗೆ ಮೊಳೆ ಹೊಡೆದು ಅಳತೆಯ ಚೀಟಿಗಳನ್ನು ಚುಚ್ಚಿರುತ್ತಾರೆ. ಸೂಜಿಗಳಿಗೆ ಒಂದು ಡಬ್ಬಿ, ಮುರಿದ ಸೂಜಿಗಳಿಗೆ ಇನ್ನೊಂದು. ಮುರಿದ ಸೂಜಿಯ ಎರಡು ತುಂಡೂ ಸಿಗುವವರೆಗೆ ಆಕೆ ಮುಂದಿನ ಹೊಲಿಗೆ ಹಾಕುವುದಿಲ್ಲ. ಯಾರದೋ ಕಾಲಿಗೆ ಚುಚ್ಚೀತು ಎಂದು ಮಂಡಿಯೂರಿ ನೆಲ ತಡಕುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಆಕೆಯನ್ನು ನೀನು ಅಜಾಗರೂಕಳು ಎಂದೆ.

ನಿನ್ನ ಪ್ರಕಟಣೆಯ ಕೆಳಗೆ ಜನ ಬರೆದದ್ದನ್ನು ನನ್ನ ಪಕ್ಕದ ಮನೆಯವರ ಫೋನಿನಲ್ಲಿ ಓದಿದೆ. "ಓದೋಕೆ ಬರದವರಿಗೆ ಇಂಟರ್ನೆಟ್ ಯಾಕೆ?" "ಗುಂಡಿ ಹೊಲಿಯೋಳು ಓವನ್ ಬಿಚ್ಚಿದಳಂತೆ." "ಇನ್ನು ಎಂಟು ಬೆರಳಿದೆ, ಇಸ್ತ್ರಿಪೆಟ್ಟಿಗೆ ಪುಟಾನೂ ನೋಡಮ್ಮಾ." ಈ ಕೊನೆಯದಕ್ಕೆ ಇನ್ನೂರ ಹದಿನಾಲ್ಕು ಜನ ನಕ್ಕಿದ್ದಾರೆ. ನಲ್ಲಿ ಸೋರಿದರೆ ಒಬ್ಬರಿಗೊಬ್ಬರು ಹಗಲೆಲ್ಲ ಉತ್ತರ ಕೊಡುವ ಅದೇ ಉಪಕಾರಿ ಜನ.

ಇಷ್ಟೇ ಆಗಿದ್ದರೆ ಆಕೆ ನುಂಗಿಕೊಳ್ಳುತ್ತಿದ್ದರು. ಪೇಟೆಯ ಹೊಲಿಗೆ ತರಬೇತಿ ಶಾಲೆಯವರು ಆಸ್ಪತ್ರೆಗೇ ಬಂದು, "ಹೊಲಿಯೋಕೆ ಆಗದಿದ್ದರೆ ಏನಂತೆ, ಆಗಸ್ಟಿನಿಂದ ಕಟಿಂಗ್ ಪಾಠ ಹೇಳಿಕೊಡಿ, ಬಾಯಿ ಇದೆಯಲ್ಲ, ಕಣ್ಣಿದೆಯಲ್ಲ" ಎಂದಿದ್ದರು. ಆಕೆಯ ಮುಂದಿನ ಬದುಕಿಗೆ ಉಳಿದದ್ದು ಅದೊಂದೇ ಬಾಗಿಲು. ಮೊನ್ನೆ ಶಾಲೆಯ ಮೇಡಮ್ಮು ನಿನ್ನ ಪ್ರಕಟಣೆ ಓದಿ ಹೇಳಿ ಕಳಿಸಿದ್ದಾರೆ: "ಸೂಚನೆ ಪಾಲಿಸದವರು ಸೂಚನೆ ಕೊಡೋದು ಹೇಗೆ? ಕತ್ತರಿ ಹಿಡಿಯೋ ಮಕ್ಕಳು ಅವು." ಟೈಲರಮ್ಮ ಕೋಣೆಗೆ ಬೀಗ ಹಾಕಿ, ಬೇರೆ ಊರಿನ ಅಕ್ಕನ ಮನೆಗೆ ಹೊರಟುಹೋದರು.

ಪ್ರಕಟಣೆ ತೆಗೆ. ಆಕೆ ತಪ್ಪು ಮಾಡಲಿಲ್ಲ ಎಂದು ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆ. ಆಗಸ್ಟಿಗೆ ಮುಂಚೆ.

ನಿನ್ನ ಮಾವ

&nbsp;

ಮೇ 6

ಮಾವನಿಗೆ,

ತಡವಾಗಿ ಉತ್ತರಿಸುತ್ತಿದ್ದೇನೆ. ಕೆಲಸವಿರುತ್ತದೆ, ನಿವೃತ್ತರಿಗೆ ಇದು ಅರ್ಥವಾಗುವುದು ಕಷ್ಟ.

ನೀವು ಭಾವನೆಯ ಮಾತಾಡುತ್ತಿದ್ದೀರಿ. ನಾನು ನಿಮ್ಮಿಂದಲೇ ಕಲಿತ ಮಾತು ಕೇಳುತ್ತೇನೆ: ಕೈ ಎಲ್ಲಿತ್ತು? ಯಾರಿಗಾದರೂ ಶಾಕ್ ಹೊಡೆದರೆ ನೀವು ಮೊದಲು ಕೇಳುತ್ತಿದ್ದದ್ದು ಅದನ್ನೇ ಅಲ್ಲವೇ? "ಅಳಬೇಡ, ಕೈ ಎಲ್ಲಿತ್ತು ಹೇಳು."

ಫ್ಯೂಸು ಇರುವುದು ಮೇಲೆ, ಎಡ ಮೂಲೆಯಲ್ಲಿ. ಡಬ್ಬಿ ಇರುವುದು ಕೆಳಗೆ, ಬಲ ಮೂಲೆಯಲ್ಲಿ, ಫ್ಯಾನಿನ ಹಿಂದೆ. ನಡುವೆ ಒಂದೂವರೆ ಗೇಣು. ನಮ್ಮ ಏಳು ಹೆಜ್ಜೆಯಲ್ಲಿ ಕೆಳಗೆ ಕೈ ಹಾಕಿ ಎಂದು ಎಲ್ಲಿದೆ? ಸೂಚನೆಯಂತೆ ಮಾಡಿದ್ದರೆ ನಾಲ್ಕನೇ ಹೆಜ್ಜೆ ಇರಲಿ, ಇಲ್ಲದಿರಲಿ, ಆಕೆಯ ಕೈ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ನೀವು ಆರಾಧಿಸುವ ಆ ಜಾಗ್ರತೆಯ ಮೂರ್ತಿ ಅಲ್ಲಿ ಏನು ಹುಡುಕುತ್ತಿದ್ದರು? ಮುರಿದ ಸೂಜಿಯನ್ನೇ?

ಉತ್ತರವಿದ್ದರೆ ಬರೆಯಿರಿ. ಇಲ್ಲದಿದ್ದರೆ "ಅಜಾಗರೂಕತೆ" ಎಂಬ ಮಾತು ಹಾಗೇ ಇರುತ್ತದೆ. ಅದಕ್ಕಿಂತ ಮೃದುವಾದ ಮಾತು ನನಗೆ ಸಿಗಲಿಲ್ಲ.

ನಾವು ಕಲ್ಲಿನ ಜನ ಅಲ್ಲ. ಆಕೆಗೆ ಒಂದು ಹೊಸ ಹೊಲಿಗೆ ಯಂತ್ರ ಕೊಡಿಸೋಣ ಎಂದು ಆಫೀಸಿನಲ್ಲಿ ಮಾತಾಗಿದೆ. ಕೊಡುವಾಗ ಒಂದು ಫೋಟೊ ಬೇಕಾಗುತ್ತದೆ. ಕೈ ಕಾಣದ ಹಾಗೆ ತೆಗೆಯುತ್ತೇವೆ.

ಇಂತಿ, ಅಳಿಯ

&nbsp;

ಮೇ 15

ಟೈಲರಮ್ಮನಿಗೆ,

ನಿಮ್ಮ ಅಕ್ಕನ ಮನೆಯ ವಿಳಾಸವನ್ನು ಹಾಲಿನಂಗಡಿಯವರಿಂದ ಪಡೆದೆ. ನೋವು ಹೇಗಿದೆ, ಗಾಯ ಒಣಗಿದೆಯೇ ಎಂದು ಕೇಳಬೇಕು. ಕೇಳಿದ್ದೇನೆ ಎಂದುಕೊಳ್ಳಿ.

ನಾನು ನಿಮ್ಮ ಪರವಾಗಿ ನನ್ನ ಅಳಿಯನ ಜೊತೆ ವಾದಿಸುತ್ತಿದ್ದೇನೆ. ನಿಮಗೊಂದು ಹೊಸ ಹೊಲಿಗೆ ಯಂತ್ರ ಕೊಡಿಸುತ್ತಾನಂತೆ, ತಪ್ಪು ಮಾತ್ರ ನಿಮ್ಮದೇ ಅನ್ನುತ್ತಾನೆ. ಅವನು ಒಂದು ಪ್ರಶ್ನೆ ಕೇಳಿದ್ದಾನೆ, ಅದಕ್ಕೆ ಉತ್ತರ ನಿಮ್ಮಿಂದಲೇ ಬರಬೇಕು. ಫ್ಯೂಸು ಮೇಲಿತ್ತು. ನಿಮ್ಮ ಕೈ ಕೆಳಗಿತ್ತು. ಯಾಕೆ?

ಪುಟದಲ್ಲಿ ಇಲ್ಲದ್ದನ್ನು ನೀವು ಮಾಡಿದ್ದೀರಿ ಎಂಬುದು ನಿಜವಾದರೆ ನನ್ನ ವಾದ ಬಿದ್ದುಹೋಗುತ್ತದೆ. ಕುತೂಹಲಕ್ಕೆ ಮುಟ್ಟಿದಿರೋ, ಕೈ ಜಾರಿತೋ, ಅವಸರವೋ? ನನ್ನ ಹತ್ತಿರ ಸಂಕೋಚ ಬೇಡ. ಮೂವತ್ತಾರು ವರ್ಷದಲ್ಲಿ ಎಲ್ಲ ಬಗೆಯ ದಡ್ಡತನ ನೋಡಿದ್ದೇನೆ. ಸುಳ್ಳು ಹೇಳಿದವರಿಗೆ ಮಾತ್ರ ನಾನು ಸಹಾಯ ಮಾಡಿಲ್ಲ.

ಇದ್ದದ್ದನ್ನು ಇದ್ದಂತೆ ಬರೆಯಿರಿ.

ಇಂತಿ, ಮೇಷ್ಟ್ರು

&nbsp;

ಜೂನ್ 9

ಮೇಷ್ಟ್ರಿಗೆ ನಮಸ್ಕಾರ.

ಎಡಗೈಯಲ್ಲಿ ಬರೆಯುತ್ತಿದ್ದೇನೆ. ದಿನಕ್ಕೆ ನಾಲ್ಕು ಸಾಲು ಆಗುತ್ತದೆ. ಅದಕ್ಕೇ ತಡ. ಅಕ್ಕ ಬರೆದುಕೊಡುತ್ತೇನೆ ಅಂದಳು, ಬೇಡ ಅಂದೆ. ದಡ್ಡತನದ ವಿಷಯ ಕೇಳಿದ್ದೀರಿ, ಅದನ್ನು ಇನ್ನೊಬ್ಬರ ಕೈಯಲ್ಲಿ ಬರೆಸಬಾರದು.

ನಿಮ್ಮ ಪುಟವನ್ನು ಜೆರಾಕ್ಸ್ ಅಂಗಡಿಯಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿದೆ. ಫೋನಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಲು ಬರುವುದಿಲ್ಲವಲ್ಲ. ಗೋಡೆಯ ಮೊಳೆಗೆ ಚುಚ್ಚಿದೆ. ಒಂದೊಂದು ಹೆಜ್ಜೆ ಮುಗಿದ ಹಾಗೆ ಒಂದೊಂದು ಗುರುತು. ಪ್ಲಗ್ ಕಿತ್ತೆ, ಗುರುತು ಹಾಕಿದೆ. ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿ ಎಣಿಸಿದೆ, ಗುರುತು. ಮುಚ್ಚಳ ತೆಗೆದೆ, ಗುರುತು. ಆಮೇಲೆ ಚಿತ್ರ ನೋಡಿದೆ.

ನಮ್ಮ ಕೆಲಸದಲ್ಲಿ ಅಳತೆಗೆ ಕೊಟ್ಟ ಅಂಗಿ ಅಂತ ಇರುತ್ತದೆ. ಅದರಲ್ಲಿ ಏನೇನಿದೆಯೋ ಎಲ್ಲ ಹೊಸದರಲ್ಲಿ ಬರಬೇಕು. ಒಳಗಡೆ ಒಂದು ಗಂಟು ಇದ್ದರೂ ಯಾಕೆ ಅಂತ ನಾನು ಕೇಳುವುದಿಲ್ಲ. ಹಾಕಿದವರಿಗೆ ಕಾರಣ ಗೊತ್ತಿರುತ್ತದೆ. ನಿಮ್ಮ ಚಿತ್ರವನ್ನೂ ನನ್ನ ಓವನ್ನನ್ನೂ ಹಾಗೇ ಪಕ್ಕಪಕ್ಕ ಇಟ್ಟು ನೋಡಿದೆ. ತಂತಿ, ಫ್ಯಾನು, ಡಬ್ಬಿ, ಎಲ್ಲ ಸರಿ ಇತ್ತು. ಒಂದೇ ಒಂದು ಕಡಿಮೆ. ನಿಮ್ಮದರಲ್ಲಿ ಕೆಳಗಿನ ಡಬ್ಬಿಯ ಕಿವಿಗೆ ಒಂದು ಬಟ್ಟೆ ಕ್ಲಿಪ್ಪು ಸಿಕ್ಕಿಸಿತ್ತು. ನನ್ನದರಲ್ಲಿ ಇರಲಿಲ್ಲ.

ಮೇಷ್ಟ್ರು ಹಾಕಿದ್ದಾರೆ ಅಂದರೆ ಬೇಕಾಗಿಯೇ ಇರಬೇಕು, ಬಿಚ್ಚುವಾಗ ಏನೂ ಅಲುಗಾಡದೆ ಹಿಡಿದುಕೊಳ್ಳುವುದಕ್ಕೇನೋ ಅಂದುಕೊಂಡೆ. ಹಗ್ಗದಿಂದ ನನ್ನದೊಂದು ಕ್ಲಿಪ್ಪು ತಂದೆ. ಮರದ್ದೇ ತಂದೆ, ಪ್ಲಾಸ್ಟಿಕ್ಕಿನದು ಬೇಡ, ಚಿತ್ರದಲ್ಲಿ ಮರದ್ದಿದೆ ಅಂತ. ಹಾಕಲು ಹೋದೆ.

ಅಷ್ಟೇ ಮೇಷ್ಟ್ರೇ. ಕುತೂಹಲ ಇರಲಿಲ್ಲ. ಅವಸರ ಇರಲಿಲ್ಲ. ಆ ಕ್ಲಿಪ್ಪು ಯಾಕೆ ಹಾಕುತ್ತೀರಿ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ನೀವು ಹೇಳಿ.

ಆ ಕಾಗದ ಇದರ ಜೊತೆ ಇಟ್ಟಿದ್ದೇನೆ. ಕ್ಲಿಪ್ಪಿನ ಸುತ್ತ ನೀಲಿ ಸೀಮೆಸುಣ್ಣದಲ್ಲಿ ಗುಂಡಗೆ ಹಾಕಿದ್ದು ನಾನೇ, ಮರೆಯಬಾರದು ಅಂತ.

ನಿಮ್ಮ ಅಳಿಯನಿಗೆ ಹೇಳಿ, ಹೊಲಿಗೆ ಯಂತ್ರ ಬೇಡ. ಶಾಲೆಯ ಮೇಡಮ್ಮಿಗೆ ಒಂದು ಮಾತು ಸಾಕು. ಪುಟದಲ್ಲಿ ತೋರಿಸಿದ ಹಾಗೇ ನಾನು ಮಾಡಿದೆ ಅಂತ.

ಇಂತಿ, ಎದುರು ಮನೆಯವಳು

&nbsp;

ಜೂನ್ 12

ಅಳಿಯನಿಗೆ,

ಕೈ ಎಲ್ಲಿತ್ತು ಎಂದು ಕೇಳಿದೆಯಲ್ಲ. ಕ್ಲಿಪ್ಪಿನ ಮೇಲಿತ್ತು.

ನನ್ನ ಮೇಜಿನ ಚಿತ್ರವನ್ನು ತೆರೆದು ನೋಡು. ಕೆಳಗೆ ಬಲಕ್ಕೆ ನೋಡು. ನನ್ನ ಅಂಗಡಿಯಲ್ಲಿ "ಈ ಡಬ್ಬಿ ಸತ್ತಿದೆ, ಇನ್ನು ಮುಟ್ಟಬಹುದು" ಎನ್ನುವುದಕ್ಕೆ ಹಾಕುತ್ತಿದ್ದ ಗುರುತು ಅದು. ಪ್ರಪಂಚದಲ್ಲಿ ಅದರ ಅರ್ಥ ಗೊತ್ತಿದ್ದವರು ಇಬ್ಬರು, ನಾನು ಮತ್ತು ನೀನು. ಆಕೆ ಅದನ್ನು ಬದುಕಿರುವ ಡಬ್ಬಿಗೆ ಹಾಕಲು ಹೋದರು, ಯಾಕೆಂದರೆ ಚಿತ್ರದಲ್ಲಿ ಇತ್ತು.

ಆಕೆಯ ಕಾಗದದ ನಕಲು ಇಟ್ಟಿದ್ದೇನೆ. ಓದು. ಇಂದೇ ಪ್ರಕಟಣೆ ತಿದ್ದು. ಬೈಯುವ ಶಕ್ತಿ ಈಗ ನನಗಿಲ್ಲ.

ಮಾವ

&nbsp;

ಜೂನ್ 20

ಮಾವ,

ಓದಿದೆ. ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಓದಿದೆ. ಆಮೇಲೆ ಒಂದು ಕೆಲಸ ಮಾಡಿದೆ: ಆ ಚಿತ್ರವನ್ನು ತೆಗೆದುಹಾಕಿದೆ. ಈಗ ಪುಟದಲ್ಲಿ ಬೇರೆ ಚಿತ್ರವಿದೆ, ಓವನ್ ಕಂಪನಿಯವರ ಚಿತ್ರ. ಹಳೆಯದು ಇತ್ತು ಎನ್ನುವುದಕ್ಕೆ ನಮ್ಮ ಕಡೆ ಏನೂ ಉಳಿದಿಲ್ಲ.

ಕೋಪ ಮಾಡಿಕೊಳ್ಳುವ ಮೊದಲು ಕೇಳಿ. ನಿಮ್ಮ ಹತ್ತೊಂಬತ್ತು ನೋಟುಬುಕ್ಕನ್ನೂ ತಿರುವಿಹಾಕಿದೆ. ಕ್ಲಿಪ್ಪು ಎಂಬ ಪದ ಒಂದೇ ಕಡೆ ಇದೆ, ಜಿಪ್ಪಿನ ಪುಟದಲ್ಲಿ. ನಿಮ್ಮ ಹನ್ನೊಂದು ಹೆಜ್ಜೆಯಲ್ಲೂ ಇಲ್ಲ. ಉಗುರಿನ ಕಥೆಗೆ ಹದಿನೇಳು ಸಾಲು ಇದೆ, ಕ್ಲಿಪ್ಪಿಗೆ ಒಂದು ಅಕ್ಷರ ಇಲ್ಲ. ಚಿತ್ರಕ್ಕೆ ಓವನ್ ಜೋಡಿಸಿಟ್ಟವರು ನೀವು. ಕ್ಲಿಪ್ಪು ಹಾಕಿದವರು ನೀವು. "ಚೆನ್ನಾಗಿ ಬಂತು ಕಣೋ, ಹಾಕು" ಅಂದವರೂ ನೀವೇ.

ನಾನು ಕತ್ತರಿಸಿದ ಹೆಜ್ಜೆಗೆ ನಿಯಮವಾದರೂ ಇತ್ತು. ನೀವು ಬರೆಯದೇ ಬಿಟ್ಟದ್ದಕ್ಕೆ ಏನಿದೆ? ಅಭ್ಯಾಸ. "ನಮಗೆ ಗೊತ್ತಲ್ಲ" ಎಂಬ ಅಭ್ಯಾಸ.

ಇದು ಬೀದಿಗೆ ಬಂದರೆ ನನ್ನ ವೆಬ್‌ಸೈಟು ನಾಲ್ಕು ದಿನ ಬೈಸಿಕೊಳ್ಳುತ್ತದೆ, ಐದನೇ ದಿನ ಜನ ನಲ್ಲಿಯ ಪುಟಕ್ಕೆ ಬರುತ್ತಾರೆ. ನಿಮಗೆ ಹಾಗಲ್ಲ. ಆ ಬೀದಿಯಲ್ಲಿ ನಿಮ್ಮನ್ನು ಮೇಷ್ಟ್ರು ಅನ್ನುವವರು ಆಮೇಲೆ ಏನನ್ನುತ್ತಾರೆ? ಈಗ ಬೆರಳು ಹೋದದ್ದು ಒಬ್ಬರದು. ನೀವು ಬಾಯಿ ಬಿಟ್ಟರೆ ಇನ್ನೊಬ್ಬರ ಹೆಸರೂ ಹೋಗುತ್ತದೆ, ಬೆರಳೇನೂ ವಾಪಸ್ಸು ಬರುವುದಿಲ್ಲ. ಆಕೆಗೆ ಕ್ಲಿಪ್ಪಿನ ಅರ್ಥ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ.

ಸ್ವಲ್ಪ ಹೊತ್ತು ಕ್ಲಿಪ್ಪು ಕಚ್ಚಿಕೊಂಡಿರಿ, ಮಾವ. ನಿಮಗೆ ಅದು ಹೊಸದಲ್ಲ.

ನಿಮ್ಮ ಅಳಿಯ

&nbsp;

ಜುಲೈ 2

ನನ್ನ ಅಳಿಯನಿಗೆ, ಎಲ್ಲರೂ ಓದುವಂತೆ

ಈ ಕಾಗದದ ನಕಲುಗಳನ್ನು ಹೊಲಿಗೆ ಶಾಲೆಯ ಮೇಡಮ್ಮಿಗೆ, ಬೀದಿಯ ವಾಚನಾಲಯದ ಸೂಚನಾ ಫಲಕಕ್ಕೆ, ನಿನ್ನ ವೆಬ್‌ಸೈಟಿಗೆ ಬಿಟ್ಟಿ ಪುಟ ಬರೆದುಕೊಡುವ ಮೂವತ್ತೆರಡು ಜನಕ್ಕೆ ಮತ್ತು ಟೈಲರಮ್ಮನಿಗೆ ಕಳಿಸಿದ್ದೇನೆ. ಟೈಲರಮ್ಮನಿಗೆ ಕಳಿಸಿದ್ದು ಮೊದಲು.

ಮಾರ್ಚ್ ಹದಿನಾಲ್ಕರಂದು ನೀನು ಎಚ್ಚರಿಕೆಯ ಹೆಜ್ಜೆಯನ್ನು ಕತ್ತರಿಸಿದೆ. ಅದಕ್ಕೂ ಎರಡು ವರ್ಷ ಮುಂಚೆ, ಚಿತ್ರ ತೆಗೆದ ದಿನ, ನಾನು ಡಬ್ಬಿಗೆ ಕ್ಲಿಪ್ಪು ಸಿಕ್ಕಿಸಿದೆ, ಅದು ಯಾಕೆ ಎಂದು ಎಲ್ಲೂ ಬರೆಯಲಿಲ್ಲ. ಬೇರೆಯವರು ಓದಲೆಂದೇ ಬರೆಯಲು ಕೂತವನು, ಓದುವವರು ನನ್ನ ಅಂಗಡಿಯಲ್ಲಿ ಇಲ್ಲ ಎಂಬುದನ್ನು ಮರೆತೆ. ಹೆಜ್ಜೆ ಇದ್ದಿದ್ದರೆ ಆಕೆ ಅಲ್ಲಿಗೆ ನಿಲ್ಲುತ್ತಿದ್ದರು. ಕ್ಲಿಪ್ಪು ಇಲ್ಲದಿದ್ದರೆ ಆಕೆಯ ಕೈ ಅಲ್ಲಿಗೆ ಹೋಗುತ್ತಿರಲಿಲ್ಲ. ಒಂದು ನಿನ್ನದು, ಒಂದು ನನ್ನದು. ಎರಡರ ನಡುವೆ ಆಕೆಯ ಬೆರಳು ಸಿಕ್ಕಿಕೊಂಡಿತು.

ನನ್ನ ಹೆಸರು ಹೋಗುತ್ತದೆ ಎಂದು ಹೆದರಿಸಿದೆ. ಹೋಗಿದೆ. ನಿನ್ನೆ ಸಂಜೆ ಹಾಲಿನಂಗಡಿಯವರಿಗೆ ನಾನೇ ಎಲ್ಲ ಹೇಳಿದೆ. ಅವರು ಡಬ್ಬ ಒರೆಸುತ್ತಲೇ, "ಬೆಳಿಗ್ಗೆ ಹಾಲು ಮನೆಗೆ ಕಳಿಸ್ತೀನಿ, ನೀವು ಬರೋದು ಬೇಡ" ಅಂದರು. ಆ ಅಂಗಡಿಯ ಕಟ್ಟೆಯ ಮೇಲೆ ಇಪ್ಪತ್ತು ವರ್ಷ ಪೇಪರ್ ಓದಿದವನು ನಾನು. ಇಂದು ಬೆಳಿಗ್ಗೆ ಹಾಲು ಮನೆಗೆ ಬಂತು.

ಆಕೆಗೆ ಕ್ಲಿಪ್ಪಿನ ಅರ್ಥ ತಿಳಿಯುವ ಅಗತ್ಯವಿಲ್ಲ ಎಂದೆ. ಬರೆದು ತಿಳಿಸಿದೆ. ಉತ್ತರ ಬಂದಿದೆ. ಎಡಗೈಯ ಎರಡೇ ಸಾಲು: "ಹಾಗಾದರೆ ಅದು ಮುಟ್ಟಬಹುದು ಅನ್ನೋ ಗುರುತು. ಒಂದು ಚೀಟಿ ಅಂಟಿಸಬಾರದಿತ್ತೇ ಮೇಷ್ಟ್ರೇ, ನಾನು ಪ್ರತಿ ತೋಳಿಗೂ ಅಂಟಿಸುತ್ತಿದ್ದೆನಲ್ಲ." ಕೆಳಗೆ ಈ ಸಲ ಎದುರು ಮನೆಯವಳು ಎಂದು ಬರೆದಿರಲಿಲ್ಲ. ಏನೂ ಬರೆದಿರಲಿಲ್ಲ.

ಚಿತ್ರ ತೆಗೆದುಹಾಕಿದೆ, ಏನೂ ಉಳಿದಿಲ್ಲ ಎಂದೆ. ಆಕೆ ಅಚ್ಚು ಹಾಕಿಸಿದ ಕಾಗದ ನನ್ನ ಹತ್ತಿರವಿದೆ. ಮಾರ್ಚ್ ಹದಿನಾಲ್ಕರಂದು ತಿದ್ದಿದ್ದು ಎಂದು ಅದರ ಬುಡದಲ್ಲಿ ನಿನ್ನ ಯಂತ್ರವೇ ಬರೆದಿದೆ. ಏಳು ಹೆಜ್ಜೆಗಳಲ್ಲಿ ಮೂರಕ್ಕೆ ಸೀಮೆಸುಣ್ಣದ ಗುರುತಿದೆ. ಮೂರೂ ಗುರುತು ಒಂದೇ ಅಳತೆಯವು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಚಿತ್ರವಿದೆ, ಚಿತ್ರದಲ್ಲಿ ಕ್ಲಿಪ್ಪಿದೆ, ಕ್ಲಿಪ್ಪಿನ ಸುತ್ತ ನೀಲಿ ಗೆರೆ. ನಾಲ್ಕಕ್ಕೆ ಗುರುತಿಲ್ಲ. ಆ ಹೊತ್ತಿಗೆ ಆಕೆ ನೆಲದ ಮೇಲಿದ್ದರು. ಆಕೆಯ ಆ ಅಚ್ಚಿನ ಕಾಗದಕ್ಕೆ ಗಾಜು ಹಾಕಿಸಿ ವಾಚನಾಲಯದಲ್ಲಿ ಇಟ್ಟಿದ್ದೇನೆ. ಯಾರು ಬೇಕಾದರೂ ಹೋಗಿ ನೋಡಬಹುದು.

ಶಾಲೆ ಆಗಸ್ಟ್ ಒಂದಕ್ಕೆ ತೆರೆಯುತ್ತದೆ. ಮೇಡಮ್ಮಿಗೆ ಮೊದಲೇ ಹೋಗಿ ಹೇಳಿದೆ. ಅವರು ನನ್ನ ಮಾತನ್ನು ನಂಬುವುದಿಲ್ಲ, ಯಾಕೆ ನಂಬಬೇಕು? "ವೆಬ್‌ಸೈಟಿನವರೇ ತಿದ್ದಿದರೆ ನೋಡೋಣ" ಎಂದಿದ್ದಾರೆ. ಆದ್ದರಿಂದ ನನಗೆ ಕಾಗದದಲ್ಲಿ ಉತ್ತರ ಬರೆಯಬೇಡ. ಫೋನು ಬೇಡ. ಹೊಲಿಗೆ ಯಂತ್ರ ಬೇಡ. ಆಕೆಯನ್ನು ಅಜಾಗರೂಕಳು ಎಂದು ಎಲ್ಲಿ ಬರೆದೆಯೋ ಅಲ್ಲಿಯೇ, ಇನ್ನೂರ ಹದಿನಾಲ್ಕು ಜನ ಎಲ್ಲಿ ನಕ್ಕರೋ ಅಲ್ಲಿಯೇ, ಈ ತಿಂಗಳು ಮುಗಿಯುವುದರೊಳಗೆ, ನನ್ನ ಹೆಸರನ್ನೂ ನಿನ್ನ ಹೆಸರನ್ನೂ ಅಕ್ಕಪಕ್ಕ ಹಾಕಿ, ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆ. ಅಂಕಿಯಲ್ಲಿ ಬರೆದರೂ ಸಾಕು.

ನಿನ್ನ ಏಳು ಹೆಜ್ಜೆಗಳಲ್ಲಿ ಆಕೆ ತಪ್ಪಿದ್ದು ಎಷ್ಟನೆಯದನ್ನು?

ಓವನ್ ಪುಟ ಬರೆದವನು